ಓಡಿ ಬಂದು ಕಾಯುವ ಹಡಗುಗಳು

1950ರ ದಶಕದವರೆಗೆ ಸರಕು ಹಡಗೊಂದು ತನ್ನ ಆಯುಸ್ಸಿನ ಅರ್ಧದಷ್ಟನ್ನು ಬಂದರಿನಲ್ಲೇ ಕಳೆಯುತ್ತಿತ್ತು. ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನೆಲ್ಲ ಹಮಾಲರು ಹೊತ್ತು ಇಳಿಸಬೇಕು, ಮತ್ತೆ ಹೊತ್ತು ತುಂಬಬೇಕು. 1956ರ ಏಪ್ರಿಲ್ 26ರಂದು ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ‘ಐಡಿಯಲ್ ಎಕ್ಸ್’ ಎಂಬ ಹಳೆಯ ಟ್ಯಾಂಕರ್ ಹಡಗಿನ ಮೇಲೆ 58 ಕಂಟೇನರ್‌ಗಳನ್ನು ಇರಿಸಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಟನ್ನಿಗೆ ಸುಮಾರು ಆರು ಡಾಲರ್ ಬೀಳುತ್ತಿದ್ದ ತುಂಬುವ ಕೂಲಿ 16 ಸೆಂಟಿನ ಆಸುಪಾಸಿಗೆ ಇಳಿಯಿತು. ಇಂದಿನ ಜಾಗತಿಕ ವ್ಯಾಪಾರದ ಬುಡದಲ್ಲಿರುವುದು ಈ ಲೆಕ್ಕ. ಸಾವಿರಾರು ದಕ್ಕೆ ಕಾರ್ಮಿಕರ ಕೆಲಸ ಹೋದದ್ದೂ ಇದರಿಂದಲೇ ಎಂಬುದನ್ನು ಮರೆಯಬಾರದು.

ಮುಂದಿನ ಅರ್ಧ ಶತಮಾನ ಹಡಗುಗಳು ಬೆಳೆಯುತ್ತಲೇ ಹೋದವು. ಈಗ 20 ಅಡಿ ಉದ್ದದ ಕಂಟೇನರ್ ಲೆಕ್ಕದಲ್ಲಿ 24,000 ಹೊರುವ ಹಡಗುಗಳಿವೆ. ಕಂಟೇನರ್ ಒಂದಕ್ಕೆ ತಗಲುವ ಇಂಧನ ಕಡಿಮೆಯಾಯಿತು, ನಿಜ. ಆದರೆ ಇಂಥದೊಂದು ಹಡಗು ಬಂದ ದಿನ ಕ್ರೇನು, ಯಾರ್ಡು, ಲಾರಿ, ರೈಲು ಎಲ್ಲವೂ ಒಮ್ಮೆಗೇ ಸಾಲದಾಗುತ್ತವೆ. ಹಡಗು ಕಂಪನಿ ಉಳಿಸಿದ ಹಣದ ಒಂದು ಪಾಲನ್ನು ಬಂದರು ಹೂಳೆತ್ತಲು, ದಕ್ಕೆ ಉದ್ದ ಮಾಡಲು ಸುರಿಯಬೇಕಾಯಿತು. ಹಡಗುಗಳ ಹೊಗೆಯನ್ನು ಉಸಿರಾಡಿದವರು ಬಂದರಿನ ಸುತ್ತಲಿನ ಜನ.

ಆ ಹೊಗೆಯ ಗಂಧಕಕ್ಕೆ ಕಡಿವಾಣ ಬಿದ್ದದ್ದು ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಐಎಂಒದ ನಿಯಮದಿಂದ. 2020ರ ಜನವರಿ 1ರಿಂದ ಹಡಗು ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ ಶೇ 0.5ಕ್ಕೆ ಇಳಿಯಿತು. ಬಂದರಿನಲ್ಲಿ ನಿಂತ ಹಡಗಿಗೆ ದಡದಿಂದಲೇ ಕರೆಂಟು ಕೊಟ್ಟು ಎಂಜಿನ್ ಆರಿಸುವ ವ್ಯವಸ್ಥೆಯನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ 2000ದಲ್ಲೇ ಮಾಡಿ ತೋರಿಸಿತ್ತು. ಇಂಗಾಲದ ಕಥೆ ಇಷ್ಟು ಸಲೀಸಲ್ಲ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಹಡಗುಗಳದು ಸುಮಾರು ಶೇ 3ರ ಪಾಲು. 2050ರ ಆಸುಪಾಸಿನಲ್ಲಿ ಅದನ್ನು ನಿವ್ವಳ ಶೂನ್ಯಕ್ಕೆ ತರಬೇಕೆಂದು ಐಎಂಒ 2023ರಲ್ಲಿ ಗುರಿ ಇಟ್ಟಿತು; ಮಾಲಿನ್ಯಕ್ಕೆ ಬೆಲೆ ಕಟ್ಟುವ ನಿಯಮಾವಳಿಯನ್ನು ಅಂಗೀಕರಿಸುವ ಸಮಯ ಬಂದಾಗ, 2025ರ ಅಕ್ಟೋಬರಿನಲ್ಲಿ, ಒಂದು ವರ್ಷ ಮುಂದೂಡಿತು. ಮೆಥನಾಲ್‌ನಲ್ಲಿ ಓಡಬಲ್ಲ ‘ಲಾರಾ ಮೆರ್ಸ್ಕ್’ ಹಡಗು 2023ರಲ್ಲೇ ನೀರಿಗಿಳಿದಿದೆ. ಹಸಿರು ಮೆಥನಾಲ್ ಮಾತ್ರ ಬೇಕಾದಷ್ಟು ಸಿಗುತ್ತಿಲ್ಲ.

ಹೊಸ ಇಂಧನದ ಚರ್ಚೆಯ ಗದ್ದಲದಲ್ಲಿ ಒಂದು ಸರಳ ಸಂಗತಿ ಹಿಂದೆ ಬಿದ್ದಿದೆ ಎಂಬುದು ನನ್ನ ದೂರು. ಹಡಗಿಗೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ 10ರಷ್ಟು ತಗ್ಗಿಸಿದರೆ ಪಯಣ ತುಸು ದೀರ್ಘವಾದರೂ ಒಟ್ಟು ಇಂಧನದಲ್ಲಿ ಸುಮಾರು ಶೇ 19 ಉಳಿಯುತ್ತದೆ. 2008ರ ಆರ್ಥಿಕ ಕುಸಿತದ ನಂತರ ಕಂಪನಿಗಳು ನಿಧಾನ ಯಾನಕ್ಕೆ ಇಳಿದದ್ದಕ್ಕೆ ಇದೂ ಒಂದು ಕಾರಣ. ಹಾಗಿದ್ದೂ ಎಷ್ಟೋ ಹಡಗುಗಳು ಇಂದಿಗೂ ಧಾವಿಸಿ ಬಂದು ಬಂದರಿನ ಹೊರಗೆ ಲಂಗರು ಹಾಕಿ ದಿನಗಟ್ಟಲೆ ಕಾಯುತ್ತವೆ. ಕಾಯುವಾಗಲೂ ಜನರೇಟರ್ ಓಡುತ್ತಲೇ ಇರುತ್ತದೆ.

ಹೀಗೆ ಓಡಿ ಬಂದು ಕಾಯಲು ಕಾರಣ ಕರಾರು. ಬಾಡಿಗೆ ಕರಾರಿನ ಪ್ರಕಾರ ಕ್ಯಾಪ್ಟನ್ ಅನಗತ್ಯ ತಡಮಾಡದೆ ಬರಬೇಕು. ‘ಬಂದಿದ್ದೇನೆ, ಸಿದ್ಧನಿದ್ದೇನೆ’ ಎಂದು ನೋಟಿಸ್ ಕೊಟ್ಟ ಮೇಲೆ ಗಡಿಯಾರ ಓಡತೊಡಗುತ್ತದೆ. ಸರಕು ತುಂಬಲು, ಇಳಿಸಲು ಗೊತ್ತುಪಡಿಸಿದ ಅವಧಿ ಮೀರಿದರೆ ಹಡಗಿನ ಮಾಲೀಕನಿಗೆ ಡೆಮರೇಜ್ ಎಂಬ ವಿಳಂಬ ಶುಲ್ಕ ಸಲ್ಲಬೇಕು. ಅನೇಕ ಬಂದರುಗಳಲ್ಲಿ ಮೊದಲು ಬಂದವರಿಗೆ ಮೊದಲ ಬರ್ತ್, ಅಂದರೆ ದಕ್ಕೆಯಲ್ಲಿ ನಿಲ್ಲುವ ಜಾಗ. ಹೀಗಿರುವಾಗ ನಿಧಾನವಾಗಿ ಬಂದರೆ ಮಾಲೀಕನಿಗೇನು ಲಾಭ?

ಈ ಗಂಟು ಬಿಚ್ಚಬಹುದು ಎಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳೇ ಸಾಕ್ಷಿ. ಕೋವಿಡ್ ಕಾಲದಲ್ಲಿ ಅಲ್ಲಿ ಹತ್ತಾರು ಕಂಟೇನರ್ ಹಡಗುಗಳು ದಡಕ್ಕೆ ಅಂಟಿಕೊಂಡೇ ಸಾಲುಗಟ್ಟಿದ್ದವು, ಏಕೆಂದರೆ ಹತ್ತಿರ ಬಂದವರಿಗಷ್ಟೇ ಸರದಿಯಲ್ಲಿ ಜಾಗ. 2021ರ ನವೆಂಬರಿನಲ್ಲಿ ನಿಯಮ ಬದಲಾಯಿತು. ಹಿಂದಿನ ಬಂದರು ಬಿಟ್ಟ ಹೊತ್ತನ್ನು ಹಿಡಿದು ಲೆಕ್ಕ ಹಾಕಿ ಸರದಿ ಕೊಡತೊಡಗಿದರು. ಓಡಿ ಬರುವ ಅಗತ್ಯವೇ ಉಳಿಯಲಿಲ್ಲ. ಕಾಯಬೇಕಾದವು ಸುಮಾರು 150 ಮೈಲಿ ಆಚೆ ಉಳಿದವು. ಹೊಸ ಎಂಜಿನ್ನೂ ಬೇಕಾಗಲಿಲ್ಲ, ಹೊಸ ಇಂಧನವೂ ಬೇಕಾಗಲಿಲ್ಲ.

ಈ ಗಂಟು ನಮ್ಮಲ್ಲೂ ಇದೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವುದು ಹೆಚ್ಚಾಗಿ ಕಚ್ಚಾತೈಲ, ಕಲ್ಲಿದ್ದಲು, ಎಲ್‌ಪಿಜಿಯಂಥ ಸರಕು. ಇಂಥ ಸಗಟು ಸರಕಿನ ಬಾಡಿಗೆ ಹಡಗುಗಳಲ್ಲೇ ಡೆಮರೇಜ್ ಲೆಕ್ಕಾಚಾರದ ಹಿಡಿತ ಹೆಚ್ಚು. ಬರ್ತ್ ಸಿದ್ಧವಾಗುವ ಹೊತ್ತಿಗೆ ಸರಿಯಾಗಿ ಬಂದು ಸೇರುವ ಷರತ್ತಿನ ಮಾದರಿಯನ್ನು ಹಡಗು ಉದ್ಯಮದ ಒಕ್ಕೂಟ ಬಿಮ್ಕೊ ಸಿದ್ಧಪಡಿಸಿ ಕೊಟ್ಟಿದೆ. ಅದನ್ನು ಹಡಗಿನ ಕರಾರಿಗೆ ಸೇರಿಸಿದರೆ ಸಾಲದು. ಸರಕು ಕೊಳ್ಳುವವನು, ಮಾರುವವನು ತಮ್ಮ ಖರೀದಿ ಒಪ್ಪಂದದಲ್ಲೂ ಅದನ್ನು ಒಪ್ಪಬೇಕು. ಬರ್ತ್ ಯಾವ ಹೊತ್ತಿಗೆ ಖಾಲಿಯಾಗುತ್ತದೆಂದು ಬಂದರು ಕೆಲವು ದಿನ ಮೊದಲೇ ಹೇಳಬೇಕು, ಹೇಳಿದ ಹೊತ್ತಿಗೆ ನಡೆದುಕೊಳ್ಳಬೇಕು.