ಮಕ್ಕಳು ಮಲಗಿದ್ದ ಮನೆಯ ಗುನುಗು

1968ರ ಚಳಿಗಾಲ. ಜರ್ಮನಿಯ ಸಂಗೀತಕಾರ ಕಾರ್ಲ್‌ಹೈನ್ಸ್ ಶ್ಟಾಕ್‌ಹೌಸನ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮ್ಯಾಡಿಸನ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಕಲೋನ್‌ನ ಗಾಯನ ತಂಡವೊಂದಕ್ಕೆ ಕೃತಿ ಬರೆದುಕೊಡಬೇಕಿತ್ತು. ಕೆಲಸ ರಾತ್ರಿ ಹೊತ್ತು. ಪುಟ್ಟ ಮಕ್ಕಳು ಮಲಗಿರುತ್ತಿದ್ದರು, ದನಿಯೆತ್ತಿ ಹಾಡಿ ನೋಡುವಂತಿರಲಿಲ್ಲ. ಗುನುಗತೊಡಗಿದರು. ಗುನುಗುತ್ತ ಗುನುಗುತ್ತ, ಹಿಡಿದ ಸ್ವರದ ಮೇಲೆ ಸಿಳ್ಳೆಯಂಥ ಬೇರೆ ಸ್ವರಗಳು ಕೇಳಿಸಿದವು. ಇದು ಅವರೇ ಹೇಳಿಕೊಂಡ ಕಥೆ. ತೊಟ್ಟಿಲಲ್ಲಿ ಗುನುಗುತ್ತಿದ್ದ ಕೂಸೇ ಅವರಿಗೆ ಗುರು ಎಂಬ ಮಾತೂ ಇದೆ. ನನಗೆ ಎರಡನೆಯದೇ ಇಷ್ಟ.

ಹಾಗೆ ಹುಟ್ಟಿದ್ದು ‘ಶ್ಟಿಮುಂಗ್’. ಅದೇ ವರ್ಷ ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ ಮೊದಲ ಸಲ ಹಾಡಿದರು. ಆರು ಗಾಯಕರು, ಆರು ಮೈಕು, ಸುಮಾರು 70 ನಿಮಿಷ. ಅಷ್ಟೂ ಹೊತ್ತು ಒಂದೇ ಸ್ವರಗುಚ್ಛ.

ಬೇಸರವಾಗುವುದಿಲ್ಲವೇ? ಒಂದು ಶ್ರುತಿ ಹಿಡಿದು ‘ಊ’ಯಿಂದ ‘ಈ’ವರೆಗೆ ನಿಧಾನವಾಗಿ ಜಾರಿ ನೋಡಿ. ಗಂಟಲಿಂದ ಹೊರಟ ಸ್ವರ ಒಂಟಿಯಲ್ಲ. ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಕಂಪನಗಳು ಜೊತೆಗೇ ಬರುತ್ತವೆ. ಇವೇ ಓವರ್‌ಟೋನ್‌ಗಳು. ನಾಲಿಗೆ, ತುಟಿ ಅಲುಗಿದಂತೆ ಇವುಗಳಲ್ಲಿ ಕೆಲವು ಮುಂದೆ ಬರುತ್ತವೆ, ಕೆಲವು ಹಿಂದೆ ಸರಿಯುತ್ತವೆ. ಕಿವಿಗೆ ‘ಊ’ ಬೇರೆ, ‘ಈ’ ಬೇರೆ ಆಗುವುದು ಇದರಿಂದಲೇ. ಭಾಷಾವಿಜ್ಞಾನದ ತರಗತಿಯಲ್ಲಿ ಇದನ್ನು ಗ್ರಾಫಿನಲ್ಲಿ ನೋಡಿದ್ದೆ, ಕಿವಿಗೊಟ್ಟು ಕೇಳಿರಲಿಲ್ಲ. ಕನ್ನಡದಲ್ಲಿ ಅ, ಆ, ಇ, ಈಗಳೂ ಸ್ವರ, ಸರಿಗಮವೂ ಸ್ವರ. ಶ್ಟಿಮುಂಗ್‌ನಲ್ಲಿ ಎರಡೂ ನಿಜಕ್ಕೂ ಒಂದೇ.

ಇದೇನೂ ಶ್ಟಾಕ್‌ಹೌಸನ್ ಕಂಡುಹಿಡಿದದ್ದಲ್ಲ. ತೂವಾ, ಮಂಗೋಲಿಯಾಗಳ ದನಗಾಹಿಗಳು ಅದೆಷ್ಟೋ ತಲೆಮಾರುಗಳಿಂದ ಹೀಗೆ ಹಾಡುತ್ತ ಬಂದಿದ್ದಾರೆ. ಪಾಶ್ಚಾತ್ಯ ಮೇಳಗಾಯನದಲ್ಲಿ ಇಡೀ ಕೃತಿಯನ್ನೇ ಇದರ ಮೇಲೆ ನಿಲ್ಲಿಸಿದ್ದು ಅವರ ಸಾಹಸ. ಸೆಕೆಂಡಿಗೆ ಸುಮಾರು 57 ಕಂಪನಗಳ ಒಂದು ತಗ್ಗು ಸ್ವರ ಇದರ ತಳಪಾಯ. ಅದನ್ನು ಯಾರೂ ಹಾಡುವುದಿಲ್ಲ. ಅದರ 2, 3, 4, 5, 7, 9 ಪಟ್ಟಿನ ಸ್ವರಗಳನ್ನಷ್ಟೇ ಹಾಡುತ್ತಾರೆ. ತಂಬೂರಿಯ ಮಂದ್ರ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಏಳುತ್ತದಲ್ಲ, ಅದು ಈ ಐದನೆಯದೇ. ಏಳನೆಯದು ಪಿಯಾನೋದ ಯಾವ ಮನೆಗೂ ಸರಿಹೊಂದದು. ಕೃತಿಯ 51 ಭಾಗಗಳಲ್ಲಿ ಒಬ್ಬೊಬ್ಬರು ಒಂದೊಂದು ಹೊಸ ಲಯ, ಹೊಸ ಉಚ್ಚಾರ ತರುತ್ತಾರೆ. ಉಳಿದವರು ಕೇಳುತ್ತ ಕೇಳುತ್ತ ಅದಕ್ಕೆ ಕೂಡಿಕೊಳ್ಳುತ್ತಾರೆ.

ನಡುನಡುವೆ ಲೋಕದ ನಾನಾ ದೇವತೆಗಳ ಹೆಸರು ಕೂಗುವುದು, ಸಂಗೀತಕಾರರ ಸ್ವಂತ ಶೃಂಗಾರ ಕವಿತೆಗಳು — ಇವಕ್ಕೆ ಮಾತ್ರ ಅರವತ್ತರ ದಶಕದ ಅಗರಬತ್ತಿಯ ವಾಸನೆ. ಸಹಿಸಿಕೊಳ್ಳಿ.

ಜರ್ಮನ್‌ನಲ್ಲಿ ‘ಶ್ಟಿಮುಂಗ್’ ಎಂದರೆ ಶ್ರುತಿ ಮಾಡುವುದು. ಮನಸ್ಸಿನ ಹದ ಎಂದೂ ಅರ್ಥ. ಒಳಗೆ ‘ಶ್ಟಿಮ್ಮೆ’, ಅಂದರೆ ದನಿ, ಅಡಗಿದೆ. ಕನ್ನಡಕ್ಕೆ ತರಹೊರಟು ‘ಶ್ರುತಿ’ಯವರೆಗೆ ಬಂದು ನಿಂತಿದ್ದೇನೆ. ಪಾಲ್ ಹಿಲಿಯರ್ ನಿರ್ದೇಶನದ ‘ಥಿಯೇಟರ್ ಆಫ್ ವಾಯ್ಸಸ್’ ತಂಡದ ಧ್ವನಿಮುದ್ರಣ ಕೇಳಿ. ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು.