ಆನ್‌ಸ್ಟ್ರದರಿನ ಮೀನುಗಾರಿಕಾ ವಸ್ತುಸಂಗ್ರಹಾಲಯ

ಅರಸರ ಚರಿತ್ರೆಗೆ ಶಾಸನಗಳುಂಟು; ವರ್ತಕರ ಚರಿತ್ರೆಗೆ ಲೆಕ್ಕದ ಕಡತಗಳುಂಟು. ಕಡಲನ್ನು ನಂಬಿ ಬಾಳಿದ ಬೆಸ್ತರಾದರೋ ತಮ್ಮ ವಿದ್ಯೆಯನ್ನು ಬರೆದಿಟ್ಟುದು ವಿರಳ. ಅವರ ಚರಿತ್ರೆಗೆ ದೋಣಿಯೇ ಮುಖ್ಯವಾದ ಆಧಾರ. ಅದು ಮರದ್ದಾದುದರಿಂದ ಬೇಗನೆ ನಶಿಸತಕ್ಕುದು. ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ, ಫೈಫ್ ಪ್ರಾಂತದ ಆನ್‌ಸ್ಟ್ರದರ್ ಎಂಬ ಸಣ್ಣ ರೇವುಪಟ್ಟಣದಲ್ಲಿ 1969ರಲ್ಲಿ ತೆರೆದ ವಸ್ತುಸಂಗ್ರಹಾಲಯವು ಈ ಆಧಾರವನ್ನು ಉಳಿಸಿಕೊಂಡ ಬಗೆಯು ಪರಿಶೀಲನಾರ್ಹವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ತೀರದ ಹಾಯಿದೋಣಿಗಳಲ್ಲಿ ಎರಡು ಬಗೆಗಳು ಪ್ರಧಾನವಾಗಿದ್ದುವು. 'ಫೈಫಿ'ಯ ಮುಂತುದಿಯು ನೆಟ್ಟಗಿರುತ್ತಿದ್ದಿತು. 'ಸ್ಕಾಫಿ'ಯ ಹಿಂತುದಿಯು ಬಹಳವಾಗಿ ಓರೆಯಾಗಿರುತ್ತಿದ್ದಿತು. 1879ರಲ್ಲಿ ಲಾಸಿಮೌತಿನ ವಿಲಿಯಂ ಕ್ಯಾಂಪ್‌ಬೆಲ್ಲನು ಇವೆರಡನ್ನೂ ಕೂಡಿಸಿ 'ನನ್‌ಸಚ್' ಎಂಬ ದೋಣಿಯನ್ನು ಕಟ್ಟಿದನು. ಆ ವರ್ಷ ದಕ್ಷಿಣ ಆಫ್ರಿಕದಲ್ಲಿ ನಡೆದ ಯುದ್ಧದಿಂದ ಈ ಹೊಸ ಬಗೆಗೆ 'ಜೂಲೂ' ಎಂಬ ಹೆಸರು ಬಂದಿತು. ಅಡಿಮರವು ಗಿಡ್ಡದಾದರೂ ಮೇಲಣ ಹಲಗೆಹಾಸು ಉದ್ದವಾದುದರಿಂದ, ಬಲೆಗಳಿಗೆ ವಿಶಾಲವಾದ ಸ್ಥಳವೂ ರೇವಿನಲ್ಲಿ ತಿರುಗಿಸುವ ಸೌಕರ್ಯವೂ ಒಟ್ಟಿಗೆ ದೊರೆತುವು. 1902ರ 'ರೀಪರ್' ಎಂಬ ಫೈಫಿಯೂ 1903ರ 'ರಿಸರ್ಚ್' ಎಂಬ ಜೂಲೂವೂ ಈ ಸಂಗ್ರಹಕ್ಕೆ ಸೇರಿರುವುದರಿಂದ, ಈ ವಿಕಾಸವನ್ನು ಮರದಲ್ಲಿಯೇ ಓದಬಹುದಾಗಿದೆ.

ದೋಣಿಗಳು ತಂದ ಹೆರಿಂಗ್ ಮೀನನ್ನು ಸಿದ್ಧಪಡಿಸುತ್ತಿದ್ದವರು ಹೆಂಗಸರು. ಇಬ್ಬರು ಸೀಳುವರು, ಒಬ್ಬಳು ಉಪ್ಪಿನೊಡನೆ ಪೀಪಾಯಿಗೆ ತುಂಬುವಳು. ಹೀಗೆ ಮೂವರ ತಂಡ. ಕತ್ತಿಯ ಗಾಯಕ್ಕೆ ಉಪ್ಪು ತಾಗದಂತೆ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಶೆಟ್ಲೆಂಡಿನಿಂದ ಇಂಗ್ಲೆಂಡಿನ ಯಾರ್ಮೌತಿನವರೆಗೆ ಅವರು ಮೀನಿನ ಹಿಂದೆಯೇ ಸಂಚರಿಸುತ್ತಿದ್ದರು. 1907ರಲ್ಲಿ ಸುಮಾರು 25 ಲಕ್ಷ ಪೀಪಾಯಿಗಳು ಹೊರಬಿದ್ದುವು. ಜರ್ಮನಿ, ರಷ್ಯ ಮತ್ತು ಪೂರ್ವ ಯೂರೋಪುಗಳೇ ಮುಖ್ಯ ಗಿರಾಕಿಗಳು. 1914ರ ಯುದ್ಧವೂ 1917ರ ರಷ್ಯದ ಕ್ರಾಂತಿಯೂ ಆ ಪೇಟೆಗಳನ್ನು ಕೆಡಿಸಿದುವು. ದೂರದೇಶದ ರಾಜಕೀಯವು ಸಣ್ಣ ರೇವಿನ ಒಲೆಯನ್ನು ಆರಿಸಬಲ್ಲುದೆಂಬುದಕ್ಕೆ ಇದು ನಿದರ್ಶನ.

ದೋಣಿಯನ್ನು ಕಾಪಾಡುವುದರಲ್ಲಿ ಒಂದು ಧರ್ಮಸಂಕಟವುಂಟು. 'ರಿಸರ್ಚ್'ನಂತೆ ಸೂರಿನಡಿ ಇಟ್ಟರೆ ಹಳೆಯ ಮರವು ಉಳಿಯುವುದು, ನಡೆಸುವ ವಿದ್ಯೆ ಅಳಿಯುವುದು. 1975ರಲ್ಲಿ ಪಡೆದ 'ರೀಪರ್'ನಂತೆ ಜೀರ್ಣೋದ್ಧಾರ ಮಾಡಿ ಹಾಯಿಯೇರಿಸಿದರೆ ವಿದ್ಯೆಯು ಉಳಿಯುವುದು, ಹಲಗೆಗಳು ಒಂದೊಂದಾಗಿ ಹೊಸವಾಗುವುವು. ಸಂಗ್ರಹಾಲಯವು ಎರಡು ದಾರಿಗಳನ್ನೂ ಹಿಡಿದುದಲ್ಲದೆ, 2009ರಲ್ಲಿ ಇಯನ್ ಓಟ್ರೆಡ್ಡನಿಂದ 'ಸೇಂಟ್ ಐಲ್ಸ್' ಎಂಬ ಹುಟ್ಟುದೋಣಿಯ ನಕ್ಷೆಯನ್ನು ಮಾಡಿಸಿತು. ಇದನ್ನು ಅನುಸರಿಸಿ ಅನೇಕ ಊರುಗಳವರು ತಾವೇ ಕೂಡಿ ದೋಣಿ ಕಟ್ಟಿ ಹುಟ್ಟುಹಾಕತೊಡಗಿದರು. ಮರವೊಂದನ್ನೇ ಉಳಿಸಿದರೆ ಅರ್ಧ ಚರಿತ್ರೆ ಮಾತ್ರ ಉಳಿಯುವುದು, ಉಳಿದರ್ಧವು ಕೈಗಳಲ್ಲಿರುವುದು.