ಲೂಯಿಸ್ ಹೈನ್

ಲೂಯಿಸ್ ವಿಕ್ಸ್ ಹೈನ್ (ಸೆಪ್ಟೆಂಬರ್ 26, 1874 – ನವೆಂಬರ್ 3, 1940) ಅಮೆರಿಕದ ಶಾಲಾ ಶಿಕ್ಷಕರು ಹಾಗೂ ಛಾಯಾಗ್ರಾಹಕರು. ಗಿರಣಿ, ಗಣಿ ಮತ್ತು ಹೊಲಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಕುರಿತ ಇವರ ಛಾಯಾಚಿತ್ರಗಳು ಆ ದೇಶದಲ್ಲಿ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಜನಾಭಿಪ್ರಾಯವನ್ನು ರೂಪಿಸಿದವು. ದಾಖಲೆ ಛಾಯಾಗ್ರಹಣವನ್ನು ಸಮಾಜ ಸುಧಾರಣೆಯ ಸಾಧನವಾಗಿ ಬಳಸಿದ ಮೊದಲಿಗರಲ್ಲಿ ಇವರೂ ಒಬ್ಬರು.

ಆರಂಭಿಕ ಜೀವನ

ಹೈನ್ ಅವರು ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಪಘಾತದಲ್ಲಿ ತೀರಿಕೊಂಡ ಬಳಿಕ ಹದಿಹರೆಯದಲ್ಲಿಯೇ ಕಾರ್ಖಾನೆಯ ದುಡಿಮೆಗೆ ಇಳಿಯಬೇಕಾಯಿತು. ಮುಂದೆ ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಶಿಕ್ಷಕರಾದರು. ಕ್ಯಾಮೆರಾವನ್ನು ಮೊದಲು ಬೋಧನೆಯ ಉಪಕರಣವಾಗಿ ಕೈಗೆತ್ತಿಕೊಂಡ ಇವರು, 1904ರಿಂದ ಎಲ್ಲಿಸ್ ದ್ವೀಪಕ್ಕೆ ಬಂದಿಳಿಯುತ್ತಿದ್ದ ವಲಸಿಗರ ಚಿತ್ರಗಳನ್ನು ತೆಗೆದರು.

ಬಾಲಕಾರ್ಮಿಕರ ಚಿತ್ರಗಳು

1900ರ ಜನಗಣತಿಯಂತೆ ಅಮೆರಿಕದಲ್ಲಿ 10ರಿಂದ 15 ವರ್ಷ ವಯಸ್ಸಿನ ಸುಮಾರು 17.5 ಲಕ್ಷ ಮಕ್ಕಳು ದುಡಿಮೆಯಲ್ಲಿದ್ದರು. ಈ ಪದ್ಧತಿಯನ್ನು ವಿರೋಧಿಸಲು 1904ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯು 1908ರಲ್ಲಿ ಹೈನ್ ಅವರನ್ನು ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡಿತು. ಶಿಕ್ಷಕ ವೃತ್ತಿಯನ್ನು ಬಿಟ್ಟು ಅವರು ದಕ್ಷಿಣದ ಹತ್ತಿ ಗಿರಣಿಗಳು, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳು, ಗಾಜಿನ ಕಾರ್ಖಾನೆಗಳು ಮುಂತಾದೆಡೆ ಸಂಚರಿಸಿದರು.

ಮಾಲೀಕರು ಒಳಗೆ ಬಿಡದಿದ್ದಾಗ ಬೈಬಲ್ ಅಥವಾ ಅಂಚೆಕಾರ್ಡು ಮಾರುವವರಂತೆ ನಟಿಸಿ ಪ್ರವೇಶ ಪಡೆಯುತ್ತಿದ್ದರು. ಮಗುವಿನ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳಿಂದ ಅಂದಾಜು ಮಾಡಿ, ಜೇಬಿನೊಳಗಿನ ಪುಸ್ತಕದಲ್ಲಿ ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. ಚಿತ್ರದ ಜೊತೆಗೆ ಸ್ಥಳ, ದಿನಾಂಕ ಹಾಗೂ ಸಾಧ್ಯವಾದಲ್ಲೆಲ್ಲ ಮಗುವಿನ ಹೆಸರು, ವಯಸ್ಸು, ಕೂಲಿ ಮತ್ತು ದುಡಿಮೆಯ ಅವಧಿಯನ್ನು ದಾಖಲಿಸಿದ್ದರಿಂದ ಅವು ಕೇವಲ ಮರುಕ ಹುಟ್ಟಿಸುವ ಚಿತ್ರಗಳಾಗದೆ, ಪರಿಶೀಲಿಸಬಹುದಾದ ಸಾಕ್ಷ್ಯಗಳಾದವು. ಎತ್ತರದ ನೂಲುವ ಯಂತ್ರಗಳ ಪಕ್ಕದಲ್ಲಿ ನಿಂತ ಪುಟ್ಟ ಬಾಲಕಿಯರ ಚಿತ್ರಗಳು ವಿಶೇಷವಾಗಿ ಪ್ರಸಿದ್ಧವಾಗಿವೆ. ಸಮಿತಿಯು ಇವನ್ನು ಕರಪತ್ರ, ಪತ್ರಿಕೆ, ಪ್ರದರ್ಶನ ಮತ್ತು ಉಪನ್ಯಾಸಗಳಲ್ಲಿ ಬಳಸಿಕೊಂಡಿತು.

ಪರಿಣಾಮ ಮತ್ತು ಮಿತಿಗಳು

1912ರಲ್ಲಿ ಅಮೆರಿಕ ಸರ್ಕಾರವು ಮಕ್ಕಳ ಕ್ಷೇಮಕ್ಕಾಗಿ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. 1916ರ ಕೀಟಿಂಗ್-ಓವೆನ್ ಕಾಯಿದೆಯು ಬಾಲಕಾರ್ಮಿಕರನ್ನು ಬಳಸಿ ತಯಾರಿಸಿದ ಸರಕಿನ ಅಂತರರಾಜ್ಯ ಸಾಗಾಟವನ್ನು ನಿರ್ಬಂಧಿಸಿತಾದರೂ, 1918ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಬಾಲಕಾರ್ಮಿಕತೆಗೆ ರಾಷ್ಟ್ರಮಟ್ಟದ ಶಾಶ್ವತ ನಿರ್ಬಂಧ ಬಂದುದು 1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯಿದೆಯಿಂದ. ಹೊಲಗಳಲ್ಲಿ ದುಡಿಯುವ ಮಕ್ಕಳು ಆಗಲೂ ಬಹುಮಟ್ಟಿಗೆ ಅದರ ವ್ಯಾಪ್ತಿಯಿಂದ ಹೊರಗುಳಿದರು. ಈ ಬದಲಾವಣೆಗೆ ಚಿತ್ರಗಳೊಂದೇ ಕಾರಣವಲ್ಲ. ಅವುಗಳ ಹಿಂದೆ ಸಮಿತಿಯ ಹಲವು ವರ್ಷಗಳ ಸಂಘಟಿತ ಪ್ರಯತ್ನವಿತ್ತು.

ಕೊನೆಯ ವರ್ಷಗಳು

1930–31ರಲ್ಲಿ ಹೈನ್ ಅವರು ಎಂಪೈರ್ ಸ್ಟೇಟ್ ಕಟ್ಟಡದ ನಿರ್ಮಾಣವನ್ನು ಚಿತ್ರೀಕರಿಸಿದರು. 1932ರಲ್ಲಿ ಅವರ 'ಮೆನ್ ಅಟ್ ವರ್ಕ್' ಪುಸ್ತಕ ಪ್ರಕಟವಾಯಿತು. ಮುಂದೆ ಕೆಲಸ ದೊರೆಯದೆ, ಬಡತನದಲ್ಲಿ ನಿಧನರಾದರು. ಸಮಿತಿಗಾಗಿ ಅವರು ತೆಗೆದ 5,000ಕ್ಕೂ ಹೆಚ್ಚು ಚಿತ್ರಗಳನ್ನು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಿಸಿದೆ.